ಬೂಷ್ಟು ತೆಗೆಯಲು ಬಂದ ನಾಲ್ಕು ಜನ

ಮಗಳ ಕೋಣೆಯ ಕಪಾಟನ್ನು ಗೋಡೆಯಿಂದ ಸರಿಸಿದ್ದು ಕಳೆದ ವರ್ಷ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಒಂದು ಭಾನುವಾರ. ಅವಳ ಜ್ಯಾಮಿಟ್ರಿ ಬಾಕ್ಸ್ ಹಿಂದೆ ಬಿದ್ದಿತ್ತು, ಅಷ್ಟೇ ಕಾರಣ. ಸರಿಸಿದ ಕೂಡಲೇ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಟಾರ್ಚ್ ಹಾಕಿ ನೋಡಿದೆ. ನೆಲದಿಂದ ನನ್ನ ಎದೆಯ ಎತ್ತರದವರೆಗೆ ಗೋಡೆ ಕಪ್ಪು. ಚುಕ್ಕೆಗಳೆಲ್ಲ ಒಂದಕ್ಕೊಂದು ಸೇರಿಕೊಂಡು ಕಂಬಳಿ ಹೊದಿಸಿದ ಹಾಗಿತ್ತು. ಕಪಾಟಿನ ಹಿಂಬದಿಯ ಪ್ಲೈವುಡ್ ಉಬ್ಬಿಕೊಂಡು, ಅದರ ಮೇಲೆ ಬೂದು ಬಣ್ಣದ ಸಣ್ಣ ರೋಮ ಎದ್ದಿತ್ತು. ಬೆರಳಿಟ್ಟು ಒತ್ತಿದರೆ ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಒಳಗೆ ಹೋಯಿತು.

ನಮ್ಮ ಮನೆ ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ, ಬೆಟ್ಟಗೇರಿ ಹತ್ತಿರ. ಈ ಕಡೆ ಬೂಷ್ಟು ಅಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು ಎಲ್ಲಕ್ಕೂ ಬಿಳಿ ಬೂಷ್ಟು ಬರುತ್ತದೆ. ಒರೆಸುತ್ತೇವೆ, ಬಿಸಿಲು ಬಂದಾಗ ಅಂಗಳಕ್ಕೆ ಹಾಕುತ್ತೇವೆ, ಮುಗಿಯಿತು. ನಾನೂ ಹಾಗೇ ಬೆಳೆದವಳು. ಆದರೆ ಆ ಗೋಡೆ ಜನವರಿಯಲ್ಲೂ ಒಣಗುತ್ತಿರಲಿಲ್ಲ. ಮಗಳಿಗೆ ಎರಡು ವರ್ಷದಿಂದ ರಾತ್ರಿ ಕೆಮ್ಮು. ರಜೆಯಲ್ಲಿ ಮೈಸೂರಿನ ನನ್ನ ತಂಗಿ ಮನೆಗೆ ಹೋದರೆ ನಾಲ್ಕು ದಿನದಲ್ಲಿ ಕಡಿಮೆಯಾಗುತ್ತಿತ್ತು, ವಾಪಸ್ ಬಂದರೆ ಮತ್ತೆ ಶುರು. ಮಡಿಕೇರಿಯ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದ ಮೇಲೆ ಮೊದಲು ವಿಚಾರಿಸಿದ್ದೇ, "ಮಗು ಮಲಗುವ ಕೋಣೆಯಲ್ಲಿ ಬೂಷ್ಟು ಉಂಟಾ?" ಆಗ ನಾನು ಇಲ್ಲ ಅಂದಿದ್ದೆ. ನನಗೆ ಕಾಣುವಂತೆ ಇರಲಿಲ್ಲ. ಅವಳ ತಲೆದಿಂಬಿನಿಂದ ಎರಡೇ ಅಡಿ ದೂರದಲ್ಲಿ, ಕಪಾಟಿನ ಹಿಂದೆ ಇತ್ತು ಅದು. ಆ ಭಾನುವಾರ ರಾತ್ರಿಯೇ ಅವಳ ಹಾಸಿಗೆಯನ್ನು ನಮ್ಮ ಕೋಣೆಗೆ ತಂದುಕೊಂಡೆವು.

ಅದಕ್ಕೂ ಒಂದು ವರ್ಷ ಮೊದಲು ಅದೇ ಗೋಡೆಗೆ ನಾವು ದುಡ್ಡು ಸುರಿದಾಗಿತ್ತು. ಕಪಾಟು ಮುಟ್ಟುವ ಕಡೆ ಸ್ವಲ್ಪ ಕಲೆ ಕಂಡಿತ್ತು. ಒಬ್ಬ ಪೈಂಟರ್ ಬಂದು ಬೂಷ್ಟು ಹಿಡಿಯದ ಪೈಂಟ್ ಅಂತ ಹೇಳಿ, ಪುಟ್ಟಿ ಎಳೆದು, ಮೂರು ಕೋಟ್ ಹೊಡೆದು ಹೋದ. 16,000 ರೂಪಾಯಿ. ಚಂದ ಕಾಣುತ್ತಿತ್ತು. ಈಗ ನೋಡಿದರೆ ಆ ಪೈಂಟ್ ಹಪ್ಪಳದ ಹಾಗೆ ಎದ್ದು ನಿಂತಿತ್ತು. ಒಂದು ತುಂಡು ಕಿತ್ತು ತಿರುಗಿಸಿ ನೋಡಿದೆ. ಒಳಮೈಯಲ್ಲಿ ಕಪ್ಪು, ಅದರ ಹಿಂದೆ ನೀರಿನ ಪಸೆ. ಪೈಂಟ್ ಬೂಷ್ಟನ್ನು ತಡೆದಿರಲಿಲ್ಲ, ಮುಚ್ಚಿಟ್ಟಿತ್ತು.

ಈ ಸಲ ಸುಮ್ನೆ ಯಾರನ್ನೋ ಕರೆಸಬಾರದು ಅಂತ ನಿರ್ಧಾರ ಮಾಡಿದೆ. ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಓದಿ ತಿಳಿದುಕೊಳ್ಳುವುದು ಅಭ್ಯಾಸ. ಎರಡು ರಾತ್ರಿ ಕೂತು ಓದಿದೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಹೇಳುವ ಪ್ರಕಾರ ಬೂಷ್ಟು 10 ಚದರ ಅಡಿಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಮನೆಯವರೇ ತೆಗೆಯಬಹುದು. ನಾನು ಟೇಪ್ ಹಿಡಿದು ಅಳೆದೆ. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ. 24 ಚದರ ಅಡಿ. ನಮ್ಮ ಕೈಯಲ್ಲಿ ಆಗುವ ಕೆಲಸ ಅಲ್ಲ. ಇನ್ನೊಂದು ಮಾತು ಮನಸ್ಸಿನಲ್ಲಿ ಕೂತಿತು. ಬೂಷ್ಟು ಸತ್ತರೆ ಸಾಲದು, ಅದನ್ನು ತೆಗೆಯಲೇಬೇಕು. ಸತ್ತ ಬೂಷ್ಟಿನ ಪುಡಿಯೂ ಕೆಲವರಿಗೆ ಅಲರ್ಜಿ ಮಾಡುತ್ತದೆ. ಮತ್ತೆ, ನೀರು ಬರುವುದು ನಿಲ್ಲದೆ ಇದ್ದರೆ ಏನು ತೆಗೆದರೂ ಅದು ವಾಪಸ್ ಬರುತ್ತದೆ. ಒದ್ದೆಯಾದ ಜಾಗದಲ್ಲಿ ಅದು ಬೆಳೆಯುವುದಕ್ಕೆ ಒಂದೆರಡು ದಿನ ಸಾಕಂತೆ. ನಮಗೆ ಇಲ್ಲಿ ನಾಲ್ಕು ತಿಂಗಳು ಒದ್ದೆ.

ತೊಂದರೆ ಏನೆಂದರೆ, ಬೂಷ್ಟು ತೆಗೆಯುವುದೇ ಕಸುಬು ಅನ್ನುವವರು ನಮ್ಮ ಕಡೆ ಇಲ್ಲ. ಪೈಂಟ್ ಮಾಡುವವರು, ವಾಟರ್‌ಪ್ರೂಫಿಂಗ್ ಮಾಡುವವರು, ಗಾರೆ ಮೇಸ್ತ್ರಿಗಳು ಇದ್ದಾರೆ. ಯಾರನ್ನು ಕೇಳಿದರೂ ಮಾಡ್ತೇವೆ ಅನ್ನುತ್ತಾರೆ. ನಾಲ್ಕು ಜನರನ್ನು ಕರೆಸಿದೆ.

ಮೊದಲು ಬಂದವರು ಮಡಿಕೇರಿಯ ಒಬ್ಬ ಪೈಂಟಿಂಗ್ ಕಂಟ್ರಾಕ್ಟರ್. ಬೆಳಿಗ್ಗೆ ಎಂಟಕ್ಕೆ ಜಡಿ ಮಳೆಯಲ್ಲೇ ಬಂದರು. ಕೋಣೆಯ ಬಾಗಿಲಲ್ಲಿ ನಿಂತು ಒಮ್ಮೆ ನೋಡಿ, "ಆಯ್ತು ಮೇಡಂ, 28,000 ಆಗ್ತದೆ" ಅಂದರು. ಗೋಡೆ ಮುಟ್ಟಲೂ ಇಲ್ಲ. ಈ ಮಳೆಯಲ್ಲಿ ಹೇಗೆ ಒಣಗಿಸ್ತೀರಿ ಅಂತ ಕೇಳಿದೆ. ಎರಡು ಹ್ಯಾಲೋಜನ್ ದೀಪ ಹಾಕಿದರೆ ಮೂರು ದಿನದಲ್ಲಿ ಒಣಗುತ್ತದೆ ಅಂದರು. ಬೂಷ್ಟು ಹೇಗೆ ತೊಳೆಯುತ್ತೀರಿ ಅಂದೆ. "ಬ್ಲೀಚಿಂಗ್ ಪೌಡರ್ ಕಲಸಿ, ಅದಕ್ಕೆ ಸ್ವಲ್ಪ ಆಸಿಡ್ ಸೇರಿಸಿದ್ರೆ ಒಂದೇ ಏಟಿಗೆ ಬಿಡ್ತದೆ."

ನನಗೆ ಅಲ್ಲಿಗೆ ಸಾಕಾಯಿತು. ಬ್ಲೀಚಿಂಗ್ ಪೌಡರಿಗೆ ಆಸಿಡ್ ಬಿದ್ದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ನಾವು ಅಂಥದ್ದಕ್ಕೆ ಕೈ ಹಾಕುವುದಾದರೂ ಹೊಗೆ ಹೊರಗೆ ಎಳೆಯುವ ಪೆಟ್ಟಿಗೆಯೊಳಗೆ ಮಾತ್ರ. ಇವರು ಮುಚ್ಚಿದ ಕೋಣೆಯಲ್ಲಿ, ಮಳೆಗೆ ಕಿಟಕಿ ಹಾಕಿಕೊಂಡು ಮಾಡುವವರಿದ್ದರು. ಅವರಿಗೆ ಅದನ್ನು ಬಿಡಿಸಿ ಹೇಳಿದೆ. ಬಾತ್‌ರೂಮ್ ತೊಳೆಯುವ ಆಸಿಡ್ಡೂ ಅಷ್ಟೇ, ಬ್ಲೀಚಿಗೆ ಸೇರಿಸಬಾರದು ಅಂದೆ. ಇಷ್ಟು ವರ್ಷ ಹಾಗೇ ಮಾಡಿದ್ದೇನೆ, ಕೆಮ್ಮು ಬರ್ತದೆ ಅಷ್ಟೆ ಅಂದರು. ಪಾಪ, ಆ ಕೆಮ್ಮು ಅವರ ಕೆಲಸದ ಹುಡುಗರಿಗೂ ಬಂದಿರುತ್ತದೆ ಅಲ್ವಾ. ಚಹಾ ಕೊಟ್ಟು ಕಳಿಸಿದೆ. ಇದನ್ನು ಓದುವವರು ಬೇರೆಲ್ಲ ಮರೆತರೂ ಈ ಒಂದನ್ನು ಮರೆಯಬೇಡಿ.

ಎರಡನೆಯವರು ಒಂದು ಕಂಪನಿಯವರು, ಫೋನ್ ಮಾಡಿದ ಮೂರನೇ ದಿನ ಕಾರಿನಲ್ಲಿ ಬಂದರು. ಇಬ್ಬರು ಹುಡುಗರು, ಕೈಯಲ್ಲಿ ತೇವ ಅಳೆಯುವ ಮೀಟರ್. ಅದನ್ನು ಗೋಡೆಗೆ ಚುಚ್ಚಿದರೆ ಕೆಂಪು ದೀಪ. ಬಾಗಿಲ ಚೌಕಟ್ಟಿಗೆ ಚುಚ್ಚಿದರೂ ಕೆಂಪು. ಊಟದ ಮೇಜಿಗೂ ಕೆಂಪು. ಆಗಸ್ಟ್ ತಿಂಗಳಲ್ಲಿ ಬೆಟ್ಟಗೇರಿಯಲ್ಲಿ ಯಾವ ಮರಕ್ಕೆ ಚುಚ್ಚಿದರೂ ಕೆಂಪೇ ಬರುತ್ತದೆ. ಇದು ವಿಷದ ಕಪ್ಪು ಬೂಷ್ಟು, ಇಡೀ ಮನೆಗೆ ಹರಡಿದೆ, ಗಾಳಿಯ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಬೇಕು, ಆಮೇಲೆ ಎಲ್ಲ ಕೋಣೆಗೂ ಔಷಧಿ ಹೊಗೆ ಬಿಡಬೇಕು ಅಂದರು. ಒಟ್ಟು 1,85,000 ರೂಪಾಯಿ. ಇವತ್ತೇ ಅಡ್ವಾನ್ಸ್ ಕೊಟ್ಟರೆ 20,000 ಕಡಿಮೆ. ಹತ್ತು ವರ್ಷ ಗ್ಯಾರಂಟಿ.

ನಮ್ಮ ಯಜಮಾನರು ಹೆದರಿಬಿಟ್ಟರು. ವಿಷ ಅನ್ನುವ ಮಾತು ಕೇಳಿದ ಮೇಲೆ ಮಗಳ ಅಪ್ಪ ಹೇಗೆ ಸುಮ್ಮನಿರುತ್ತಾರೆ? ಚೆಕ್ ಪುಸ್ತಕ ತರಲು ಎದ್ದರು. ನಾನು ಗ್ಯಾರಂಟಿ ಕಾಗದ ಕೊಡಿ, ಓದುತ್ತೇನೆ ಅಂದೆ. ಎರಡನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ಹೊರಗಿನಿಂದ ನೀರು ಜಿನುಗಿ ಬರುವ ಬೂಷ್ಟಿಗೆ ಗ್ಯಾರಂಟಿ ಇಲ್ಲ. ಹಾಗಾದರೆ ಕೊಡಗಿನಲ್ಲಿ ಇನ್ನು ಯಾವ ಬೂಷ್ಟಿಗೆ ಗ್ಯಾರಂಟಿ? ಸ್ಯಾಂಪಲ್ ವಿಷಯವೂ ಕೇಳಿದೆ. ಕಣ್ಣಿಗೆ ಇಷ್ಟು ಕಾಣುವಾಗ ಪರೀಕ್ಷೆ ಯಾಕೆ? ಎಷ್ಟು ಬಂದರೆ ಅಪಾಯ, ಎಷ್ಟು ಬಂದರೆ ಪರವಾಗಿಲ್ಲ? ಅವರ ಹತ್ತಿರ ಉತ್ತರ ಇರಲಿಲ್ಲ. ಇರಲು ಸಾಧ್ಯವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆ ಒಂದು ಮಾರ್ಗಸೂಚಿ ತಂದಿದೆ. ಅದರಲ್ಲೂ ಇಷ್ಟರವರೆಗೆ ಸುರಕ್ಷಿತ ಅಂತ ಒಂದು ಅಂಕಿ ಕೊಟ್ಟಿಲ್ಲ. ತೇವ ಇರದಂತೆ ನೋಡಿಕೊಳ್ಳಿ ಅನ್ನುವುದೇ ಅದರ ಸಾರ. ಕಪ್ಪು ಬಣ್ಣ ನೋಡಿದ ಮಾತ್ರಕ್ಕೆ ಯಾವ ಜಾತಿಯ ಬೂಷ್ಟು ಅಂತ ಹೇಳಲೂ ಬರುವುದಿಲ್ಲ. ಮತ್ತೆ, ಪರೀಕ್ಷೆ ಮಾಡುವವರೂ ಅವರೇ, ಔಷಧಿ ಹೊಡೆಯುವವರೂ ಅವರೇ. ಇದು ನನಗೆ ಒಪ್ಪಿಗೆಯಾಗಲಿಲ್ಲ. ಯೋಚನೆ ಮಾಡಿ ಹೇಳುತ್ತೇವೆ ಅಂದೆ. ಕಾರು ಗೇಟು ದಾಟುವ ಮೊದಲೇ ಫೋನ್ ಮಾಡಿ ಇನ್ನೂ 15,000 ಕಡಿಮೆ ಮಾಡ್ತೇವೆ ಅಂದರು.

ಮೂರನೆಯವರು ನಮ್ಮೂರಿನ ಹಳೆಯ ಗಾರೆ ಮೇಸ್ತ್ರಿ. ಈ ಮನೆಗೆ ಶೀಟು ಹೊದಿಸಿದ್ದೂ ಅವರೇ. ಗೋಡೆಗೆ ಕಿವಿ ಇಟ್ಟ ಹಾಗೆ ಬಾಗಿ, ಕರಣಿಯ ಹಿಡಿಯಿಂದ ಮೆಲ್ಲಗೆ ಬಡಿಯುತ್ತಾ ಹೋದರು. ಕೆಳಗೆ ಡಬ್ ಡಬ್ ಅನ್ನುವ ಸದ್ದು, ಮೇಲೆ ಟಣ್ ಟಣ್. "ಅಕ್ಕಾ, ನಾಲ್ಕಡಿವರೆಗೆ ಗಾರೆ ಇಟ್ಟಿಗೆ ಬಿಟ್ಟಿದೆ. ಕೀಳ್ಬೇಕು. ಅದು ನಾನು ಮಾಡ್ತೇನೆ. ಈ ಕಪ್ಪು ತೆಗೆಯೋದು ನನಗೆ ಗೊತ್ತಿಲ್ಲ. ಮಗು ಇರುವ ಮನೆ, ಗೊತ್ತಿಲ್ಲದ್ದು ಮಾಡಬಾರದು." ಅವರ ಮೇಲೆ ನನಗೆ ಎಷ್ಟು ಗೌರವ ಬಂತು ಅಂದರೆ ಹೇಳಲಾರೆ. ಮೂರ್ನಾಡಿನಲ್ಲಿ ಒಂದು ಮನೆಗೆ ಕೆಲಸ ಮಾಡಿದ ಸೋಮವಾರಪೇಟೆ ಕಡೆಯ ಒಬ್ಬರ ನಂಬರ್ ಕೊಟ್ಟವರೂ ಅವರೇ.

ಆ ನಾಲ್ಕನೆಯವರು ಬಂದ ದಿನ ಗಾಳಿ ಮಳೆ ಎರಡೂ ಜೋರು. ಬಂದವರು ಮನೆಯೊಳಗೆ ಬರಲೇ ಇಲ್ಲ. ಜೀಪಿನಿಂದ ಇಳಿದು, ಕೊಡೆ ಬಿಡಿಸಿ, ಪ್ಯಾಂಟು ಮಡಚಿಕೊಂಡು ಮನೆಯ ಸುತ್ತ ಹೋದರು. ಅತ್ತೆ ಕಿಟಕಿಯಿಂದ ನೋಡಿ, "ಯಾರದು, ಎಂತ ಹುಡುಕ್ತಿದ್ದಾರೆ?" ಅಂತ ಕೇಳಿದರು. ಕಾಲು ಗಂಟೆ ಕಳೆದು ಹಿಂಬದಿಯಿಂದ ನನ್ನನ್ನು ಕರೆದರು. ನಾನೂ ಕೊಡೆ ಹಿಡಿದು ಹೋದೆ.

ಮನೆಯ ಹಿಂದೆ ಬರೆ, ಅಂದರೆ ಕಡಿದಾದ ಮಣ್ಣಿನ ದಿಣ್ಣೆ, ಇದೆ. ಮನೆ ಕಟ್ಟುವಾಗ ಗುಡ್ಡ ಕಡಿದು ಸಮ ಮಾಡಿದ್ದು. ಬರೆಗೂ ಗೋಡೆಗೂ ನಡುವೆ ಮೊದಲು ಮೂರಡಿ ಜಾಗ ಇತ್ತು, ಒಬ್ಬರು ನಡೆದು ಹೋಗಬಹುದಿತ್ತು. ವರ್ಷ ವರ್ಷ ಮಣ್ಣು ಸ್ವಲ್ಪ ಸ್ವಲ್ಪ ಜರಿದು ಅಲ್ಲಿ ತುಂಬಿದೆ. ಮೇಲೆ ಕೆಸುವಿನ ಗಿಡ, ಜರಿಗಿಡ ಬೆಳೆದದ್ದರಿಂದ ನಮ್ಮ ಕಣ್ಣಿಗೆ ಅದು ಹಸಿರಾಗಿ ಚಂದ ಕಾಣುತ್ತಿತ್ತು. ಅವರು ಒಂದು ಕೋಲು ತೆಗೆದುಕೊಂಡು ಗೋಡೆಯ ಪಕ್ಕದಲ್ಲೇ ಮಣ್ಣಿಗೆ ಚುಚ್ಚಿದರು. ಕೋಲು ಎರಡಡಿ ಇಳಿಯಿತು. ಮೇಲೆ ಎತ್ತಿದಾಗ ಆ ತೂತಿನಲ್ಲಿ ನೀರು ತುಂಬಿ ನಿಂತಿತು. "ಮೇಡಂ, ನಿಮ್ಮ ಪಾಯ ಇಲ್ಲಿ ಕೆಳಗೆ ಉಂಟು. ಮಣ್ಣು ಅದರ ಮೇಲೆ ಎರಡಡಿ ಹತ್ತಿದೆ. ಗೋಡೆ ಆಚೆ ಕಡೆಯಿಂದ ನಾಲ್ಕು ತಿಂಗಳು ನೀರು ಕುಡೀತಾ ಉಂಟು. ಒಳಗೆ ಎಂತ ಪೈಂಟ್ ಹೊಡೆದರೂ ಏನು ಪ್ರಯೋಜನ?"

ಆ ತೂತಿನ ನೀರು ನೋಡಿ ನನಗೆ ಕಣ್ಣು ತುಂಬಿ ಬಂತು. ಎರಡು ವರ್ಷದ ಕೆಮ್ಮಿನ ಮೂಲ ಅಲ್ಲಿತ್ತು, ಕೆಸುವಿನ ಎಲೆಯ ಕೆಳಗೆ.

ಆಮೇಲೆ ಒಳಗೆ ಬಂದು ಪ್ರಶ್ನೆ ಕೇಳಲು ಕೂತರು. ಮನೆ ಕಟ್ಟಿ ಎಷ್ಟು ವರ್ಷ? ಬೇಸಿಗೆಯಲ್ಲಿ ಗೋಡೆ ಒಣಗುತ್ತದಾ? ಮಳೆ ಗಾಳಿ ಯಾವ ಕಡೆಯಿಂದ ಹೊಡೆಯುತ್ತದೆ? ಅಡುಗೆ ಒಲೆ ಯಾವುದು? ಬಟ್ಟೆ ಎಲ್ಲಿ ಒಣಗಿಸ್ತೀರಿ? ಕೊನೆಯ ಪ್ರಶ್ನೆಗೆ ಅತ್ತೆ ನನ್ನ ಮುಖ ನೋಡಿದರು. ಮಳೆಗಾಲದಲ್ಲಿ ಮಗಳ ಕೋಣೆಯಲ್ಲೇ ಹಗ್ಗ ಕಟ್ಟಿ, ಫ್ಯಾನ್ ಹಾಕಿ, ಬಾಗಿಲು ಮುಚ್ಚಿ ಬಟ್ಟೆ ಒಣಗಿಸುತ್ತಿದ್ದೆವು. ಅವರು ಹೋದ ಮೇಲೆ ನಾನು ಕರಿಮೆಣಸು ತೂಗುವ ತಕ್ಕಡಿಯಲ್ಲಿ ಒಂದು ದಿನದ ಹಿಂಡಿದ ಬಟ್ಟೆ ತೂಗಿ ನೋಡಿದೆ. 7.4 ಕೆಜಿ. ಮಾರನೇ ದಿನ ಒಣಗಿದ ಮೇಲೆ 4.9. ಎರಡೂವರೆ ಲೀಟರ್ ನೀರು ಆ ಕೋಣೆಯ ಗಾಳಿಗೆ ಸೇರಿತ್ತು. ಒಂದೇ ದಿನದಲ್ಲಿ.

ಒಲೆಯ ವಿಷಯವೂ ಹಾಗೇ. ಮೊದಲು ಸೌದೆ ಒಲೆಗೆ ಚಿಮಣಿ ಇತ್ತು. ಗ್ಯಾಸ್ ಬಂದ ಮೇಲೆ ಇನ್ನು ಯಾಕೆ ಅಂತ ಚಿಮಣಿ ಮುಚ್ಚಿಸಿದೆವು. ಆದರೆ ಗ್ಯಾಸ್ ಉರಿದರೂ ನೀರೇ ಬರುವುದು. ಒಂದು ಕೆಜಿ ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಕೆಜಿಗಿಂತ ಜಾಸ್ತಿ ನೀರಾವಿ. 14.2 ಕೆಜಿಯ ಒಂದು ಸಿಲಿಂಡರ್ ಮುಗಿಯುವಾಗ 20 ಲೀಟರಿಗೂ ಮೇಲೆ. ಮಕ್ಕಳಿಗೆ ಈ ಸಮೀಕರಣವನ್ನು ವರ್ಷ ವರ್ಷ ಬೋರ್ಡ್ ಮೇಲೆ ಬರೆಸುತ್ತೇನೆ. ನಮ್ಮ ಅಡುಗೆಮನೆಯ ಪಕ್ಕದ್ದೇ ಆ ಕೋಣೆ.

ಅವರು ಹೇಳಿದ ಕ್ರಮ ಹೀಗಿತ್ತು. ಈಗ ಆಗಸ್ಟ್‌ನಲ್ಲಿ ಗೋಡೆಯ ಕೆಲಸ ಮಾಡಲು ಆಗುವುದಿಲ್ಲ, ಮಾಡಿದರೆ ದುಡ್ಡು ದಂಡ. ಈಗ ಬೂಷ್ಟು ತೆಗೆದು ಕೋಣೆ ಖಾಲಿ ಮಾಡೋಣ, ಹಿಂದಿನ ಮಣ್ಣು ತೆಗೆದು ನೀರಿಗೆ ದಾರಿ ಮಾಡೋಣ. ಗಾರೆ ಕೀಳುವುದು, ಹೊಸದು ಹಾಕುವುದು ಎಲ್ಲ ಜನವರಿ, ಫೆಬ್ರವರಿಯಲ್ಲಿ. ಎರಡೂ ಸೇರಿ 92,000. ಮಣ್ಣು ತೆಗೆಯಲು ಜೆಸಿಬಿ ತರುತ್ತೀರಾ ಅಂತ ನಮ್ಮವರು ಕೇಳಿದರು. ಆ ಮಾತಿಗೆ ಅವರು ಕೈ ಅಡ್ಡ ಆಡಿಸಿದರು. "ಬರೆಯ ಬುಡಕ್ಕೆ ಮಿಷನ್ ಹಾಕ್ಬಾರದು ಸರ್. ಜರಿದು ಬಿದ್ದ ಮಣ್ಣು ಮಾತ್ರ, ಗುದ್ದಲಿಯಲ್ಲಿ, ಮಳೆ ಬಿಟ್ಟ ದಿನ ನೋಡಿ. ಬರೆ ಮುಟ್ಟೋದಿಲ್ಲ." 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದದ್ದನ್ನು ಕಂಡವರಿಗೆ ಆ ಮಾತಿನ ಬೆಲೆ ಗೊತ್ತು. ಒಂದು ಗೋಡೆ ಒಣಗಿಸಲು ಹೋಗಿ ಮನೆಯನ್ನೇ ಕಳೆದುಕೊಳ್ಳಬಾರದು ತಾನೇ.

ಮಾತು ಚೆನ್ನಾಗಿತ್ತು. ಆದರೂ ಮಾತು ಕೇಳಿಯೇ ಒಪ್ಪಬಾರದು ಅಂತ ಅವರು ಮಾಡಿದ ಎರಡು ಮನೆಗಳನ್ನು ನೋಡಲು ಹೋದೆ. ಅದೂ ಮಳೆಯಲ್ಲೇ ಹೋದೆ, ಬೇಸಿಗೆಯಲ್ಲಿ ಎಲ್ಲ ಗೋಡೆಯೂ ಚೆನ್ನಾಗಿಯೇ ಇರುತ್ತದೆ. ಮೂರ್ನಾಡಿನ ಮನೆಯ ಅಮ್ಮ ಬಾಗಿಲು ತೆರೆದು, ಮಂಚ ಸರಿಸಿ, ಗೋಡೆಗೆ ನನ್ನ ಕೈ ಇಡಿಸಿದರು. ತಣ್ಣಗಿತ್ತು, ಒಣಗಿತ್ತು. ಮೂರನೇ ಮಳೆಗಾಲವಂತೆ. "ಕೆಲಸ ಒಳ್ಳೇದು. ಆದ್ರೆ ಹೇಳಿದ ದಿನಕ್ಕೆ ಬರೋದಿಲ್ಲ, ಎರಡು ವಾರ ತಡ ಮಾಡಿದ್ರು" ಅಂತಲೂ ಹೇಳಿದರು. ನಾಪೋಕ್ಲಿನ ಮನೆಯಲ್ಲಿ ಒಂದು ಮೂಲೆಗೆ ಮತ್ತೆ ತೇವ ಬಂದಿತ್ತು. ಫೋನ್ ಮಾಡಿದಾಗ ಬಂದು ದುಡ್ಡು ಕೇಳದೆ ಸರಿ ಮಾಡಿ ಹೋದರಂತೆ. ನನಗೆ ಮೊದಲನೆಯ ಮನೆಗಿಂತ ಈ ಎರಡನೆಯ ಮನೆಯೇ ಧೈರ್ಯ ಕೊಟ್ಟಿತು.

ನಮ್ಮ ಕಡೆ ಮಳೆ ಗೊತ್ತಿರುವವರು ಬೇಕು ಅನ್ನುವುದನ್ನೂ ಹೇಳಬೇಕು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ, ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಕುಶಾಲನಗರಕ್ಕೆ ಇಳಿದರೆ ಅದರ ಅರ್ಧವೂ ಇಲ್ಲ. ಅಲ್ಲಿ ಚೆನ್ನಾಗಿ ನಿಂತ ಕೆಲಸ ಇಲ್ಲಿ ನಿಲ್ಲುತ್ತದೆ ಅಂತ ಹೇಳಲು ಬರುವುದಿಲ್ಲ.

ಕೊನೆಗೆ ಕಾಗದದ ಮಾತು. ಏನೇನು ಕೀಳುತ್ತಾರೆ, ಎಷ್ಟು ಎತ್ತರ, ಬೂಷ್ಟು ಹಿಡಿದ ಪ್ಲೈವುಡ್ ಎಲ್ಲಿಗೆ ಹೋಗುತ್ತದೆ, ಕೆಲಸದ ಹೊತ್ತಿನಲ್ಲಿ ಬಾಗಿಲಿಗೆ ಪ್ಲಾಸ್ಟಿಕ್ ಹಾಕುತ್ತಾರಾ, ಕೆಲಸದವರಿಗೆ ಮಾಸ್ಕ್ ಯಾರು ಕೊಡುತ್ತಾರೆ, ಎಲ್ಲ ಬರೆಯಿಸಿಕೊಂಡೆ. ಸಿಮೆಂಟ್, ಪೈಪ್ ಯಾವುದು ಅಂತಲೂ. ದುಡ್ಡು ಮೂರು ಕಂತು. ಕೊನೆಯ ಕಂತು 25,000, ಅದನ್ನು ಮುಂದಿನ ಮಳೆಗಾಲ ಮುಗಿದ ಮೇಲೆ ಕೊಡುತ್ತೇನೆ ಅಂದೆ. ಅವರ ಮುಖ ಸಣ್ಣದಾಯಿತು.

"ಮೇಡಂ, ನಾನು ಶನಿವಾರ ಶನಿವಾರ ಕೆಲಸದವರಿಗೆ ಬಟವಾಡೆ ಮಾಡ್ಬೇಕು. ಅಷ್ಟು ದುಡ್ಡು ಎಂಟು ತಿಂಗಳು ನಿಲ್ಸಿದ್ರೆ ನಾನು ಎಲ್ಲಿಗೆ ಹೋಗ್ಲಿ?"

"ಅಣ್ಣಾ, ಈ ಗೋಡೆಗೆ ಮಳೆಗಾಲ ಬಿಟ್ಟು ಬೇರೆ ಪರೀಕ್ಷೆ ಎಲ್ಲಿದೆ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ಮಾತೂ ನ್ಯಾಯವೇ, ನನ್ನದೂ ನ್ಯಾಯವೇ. ಅತ್ತೆ ಒಳಗಿನಿಂದ ಕಾಫಿ ತಂದಿಟ್ಟು, "ಹತ್ತು ಸಾವಿರ ಇಟ್ಕೊಳ್ಳಿ, ಮುಗೀತು" ಅಂದರು. ಅದೇ ತೀರ್ಮಾನವಾಯಿತು. ಅವರೇ ಪೆನ್ನು ತೆಗೆದುಕೊಂಡು, "10,000 ಸೆಪ್ಟೆಂಬರ್ ಕೊನೆಗೆ, ಗೋಡೆ ನೋಡಿ" ಅಂತ ಬರೆದು ಸಹಿ ಹಾಕಿದರು.

ಆಗಸ್ಟಿನ ಕೆಲಸ ಎರಡು ದಿನ. ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಹಾಳೆ, ಸುತ್ತ ಟೇಪ್. ಕಿಟಕಿಗೆ ಹೊರಮುಖವಾಗಿ ಒಂದು ಫ್ಯಾನ್ ಕಟ್ಟಿದರು, ಧೂಳು ಮನೆಯೊಳಗೆ ಬರದೆ ಹೊರಗೆ ಹೋಗಲಿ ಅಂತ. ಮೂವರಿಗೂ ಎನ್-95 ಮಾಸ್ಕ್, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಒಣ ಗೋಡೆಯನ್ನು ಉಜ್ಜಲೇ ಇಲ್ಲ. ಮೊದಲು ಸೋಪಿನ ನೀರು ಚಿಮುಕಿಸಿ ನೆನೆಸಿ, ಆಮೇಲೆ ಕೆರೆದರು. ಒಣಗಿದ್ದನ್ನು ಕೆರೆದರೆ ಬೂಷ್ಟಿನ ಪುಡಿ ಇಡೀ ಮನೆಗೆ ಹಾರುತ್ತದೆ. ಕಪಾಟಿನ ಹಿಂಬದಿ ಕಿತ್ತು, ಕೋಣೆಯೊಳಗೇ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಹೊರಗೆ ತಂದರು. ಮಗಳ ಹಳೇ ಹಾಸಿಗೆಯನ್ನೂ ಕಳಿಸಿದೆ. ಬೇಜಾರಾಯಿತು, ಅಮ್ಮ ಹತ್ತಿ ಹಾಕಿಸಿ ಕೊಟ್ಟದ್ದು ಅದು. ಹತ್ತಿಯೊಳಗೆ ಹೋದ ಬೂಷ್ಟನ್ನು ತೆಗೆಯಲು ಆಗುವುದಿಲ್ಲ.

ಮಣ್ಣು ತೆಗೆಯುವುದಕ್ಕೆ ಮಳೆ ಬಿಡಲಿಲ್ಲ. ಸೆಪ್ಟೆಂಬರ್ ಮೊದಲಿನ ಕೈಲ್‌ ಪೊಳ್ದ್ ಹಬ್ಬ ಕಳೆದ ಮೇಲೆ ನಾಲ್ಕು ದಿನ ಹೊಳವಾದಾಗ ಐದು ಜನ ಬಂದು ತೆಗೆದರು. ಪಾಯದ ಕೆಳಗಿನವರೆಗೆ ಚರಂಡಿ, ಅದರಲ್ಲಿ ತೂತಿನ ಪೈಪು, ಮೇಲೆ ಜಲ್ಲಿ. ನೀರು ಈಗ ಮನೆಯ ಪಕ್ಕದಿಂದ ಹಾದು ತೋಟದ ತೋಡಿಗೆ ಹೋಗುತ್ತದೆ.

ಜನವರಿಯಲ್ಲಿ ಬರಬೇಕಾದವರು ಫೆಬ್ರವರಿ ಎರಡನೇ ವಾರ ಬಂದರು. ಕಾಫಿ ಕೊಯ್ಲು. ಆ ಎರಡು ತಿಂಗಳು ಇಲ್ಲಿ ಯಾವ ಕೆಲಸಕ್ಕೂ ಜನ ಸಿಗುವುದಿಲ್ಲ, ನಮ್ಮ ತೋಟಕ್ಕೇ ಸಿಕ್ಕಿರಲಿಲ್ಲ. ಮೂರ್ನಾಡಿನ ಅಮ್ಮ ಮೊದಲೇ ಹೇಳಿದ್ದರಿಂದ ನಾನು ಕೋಪ ಮಾಡಿಕೊಳ್ಳಲಿಲ್ಲ. ನಾಲ್ಕೂವರೆ ಅಡಿಯವರೆಗೆ ಗಾರೆ ಕಿತ್ತು, ಇಟ್ಟಿಗೆ ಬರಿ ಮಾಡಿ, ಹಾಗೇ ಮೂರು ವಾರ ಬಿಟ್ಟರು. ಗಾರೆ ಕಿತ್ತದ್ದು ನಮ್ಮೂರಿನ ಹಳೆಯ ಮೇಸ್ತ್ರಿಯೇ. ಅವರನ್ನೇ ಸೇರಿಸಿಕೊಳ್ಳಿ ಅಂತ ನಾನು ಕೇಳಿದ್ದೆ. ಇಟ್ಟಿಗೆಯ ಮೇಲೆ ಬಿಳಿ ಉಪ್ಪು ಎದ್ದು ಬಂತು, ಅದನ್ನು ಒಣ ಬ್ರಷ್‌ನಿಂದ ಎರಡು ಸಲ ಉದುರಿಸಿದರು. ಹೊಸ ಗಾರೆಯ ಮೇಲೆ ಪುಟ್ಟಿ ಇಲ್ಲ, ಪ್ಲಾಸ್ಟಿಕ್ ಪೈಂಟ್ ಇಲ್ಲ. ಸುಣ್ಣ. ಅತ್ತೆಗೆ ಖುಷಿಯೋ ಖುಷಿ. ಅವರ ಕಾಲದಲ್ಲಿ ವರ್ಷಕ್ಕೊಮ್ಮೆ ಬಳಿಯುತ್ತಿದ್ದದ್ದೇ ಅದು. ಹೊಸ ಸುಣ್ಣ ಜೋರು ಕ್ಷಾರ, ಅದರ ಮೇಲೆ ಬೂಷ್ಟು ಹತ್ತುವುದು ಕಷ್ಟ. ಗೋಡೆಯ ಪಸೆ ಅದರ ಮೂಲಕ ಹೊರಗೆ ಹೋಗಲೂ ಜಾಗ ಇರುತ್ತದೆ. ಗಾಳಿಗೆ ಸುಣ್ಣದ ಕ್ಷಾರ ಕಡಿಮೆಯಾಗುತ್ತಾ ಬರುವುದರಿಂದ ಮತ್ತೆ ಮತ್ತೆ ಬಳಿಯಬೇಕು, ಅಷ್ಟೇ. ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಬಂತು. ಬಟ್ಟೆಗೆ ಹಿಂಬದಿ ಶೀಟಿನ ಕೆಳಗೆ ಹಗ್ಗ. ಕಪಾಟು ಗೋಡೆಯಿಂದ ಅರ್ಧ ಅಡಿ ಈಚೆ ನಿಂತಿದೆ.

ಈ ಜುಲೈಯಲ್ಲಿ ಮಗಳು ಅವಳ ಕೋಣೆಗೆ ವಾಪಸ್ ಹೋದಳು. ಒಂದು ಸಣ್ಣ ತೇವಾಂಶದ ಮೀಟರ್ ತಂದು ಗೋಡೆಗೆ ನೇತು ಹಾಕಿದ್ದೇನೆ. ಜಗುಲಿಯಲ್ಲಿ ಶೇಕಡಾ 95 ತೋರಿಸುವ ದಿನ ಅವಳ ಕೋಣೆಯಲ್ಲಿ 74, 75. 60ಕ್ಕಿಂತ ಕೆಳಗೆ ಇರಬೇಕಂತೆ. ನಮ್ಮ ಮಳೆಯಲ್ಲಿ ಅಲ್ಲಿಗೆ ಇಳಿಸಬೇಕಾದರೆ ತೇವ ಹೀರುವ ಮಿಷನ್ ಹಾಕಬೇಕು. ಆಗಸ್ಟ್ ಒಂದು ತಿಂಗಳು ತಂಗಿಯ ಮನೆಯಿಂದ ಅದನ್ನು ತಂದು ಓಡಿಸಿದೆವು, ದಿನಾ ಬೆಳಿಗ್ಗೆ ಅದರ ಡಬ್ಬದ ನೀರು ಚೆಲ್ಲುವುದು ಮಗಳ ಕೆಲಸ. ಅವಳ ಕೆಮ್ಮು ಪೂರ್ತಿ ಹೋಗಿಲ್ಲ. ರಾತ್ರಿ ಎದ್ದು ಕೂರುವುದು ನಿಂತಿದೆ.

ಸೆಪ್ಟೆಂಬರ್ ಕೊನೆಗೆ ಅವರು ಉಳಿದ ದುಡ್ಡಿಗೆ ಬಂದರು. ನಾನು ಏನೂ ಹೇಳುವ ಮೊದಲೇ ಕಪಾಟಿನ ಹಿಂದೆ ಕೈ ತೂರಿಸಿ ಗೋಡೆ ಸವರಿದರು. ಅಂಗೈ ತೋರಿಸಿದರು, ಸುಣ್ಣದ ಬಿಳಿ ಮಾತ್ರ. ಆಮೇಲೆ ನಾನು ಕಿಟಕಿಯ ಮೇಲಿನ ಮೂಲೆ ತೋರಿಸಿದೆ. ಅಂಗೈಯಷ್ಟು ಜಾಗದಲ್ಲಿ ಕಪ್ಪು ಚುಕ್ಕೆ. ಅವರು ಅಡುಗೆಮನೆಯಿಂದ ಅಲ್ಯೂಮಿನಿಯಂ ಫಾಯಿಲ್ ಕೇಳಿ, ಒಂದು ತುಂಡನ್ನು ಚುಕ್ಕೆಯ ಪಕ್ಕದಲ್ಲಿ ಅಂಟಿಸಿ, ನಾಲ್ಕೂ ಕಡೆ ಟೇಪ್ ಹಾಕಿದರು. ಎರಡು ದಿನ ಬಿಟ್ಟು ತೆಗೀರಿ. ಕೋಣೆ ಕಡೆಯ ಮೈಗೆ ನೀರು ಕೂತಿದ್ದರೆ ಒಳಗಿನ ಹಬೆ, ಗೋಡೆ ಕಡೆಗೆ ಕೂತಿದ್ದರೆ ಹೊರಗಿನ ನೀರು. ಫೋನ್ ಮಾಡಿ ಅಂದರು.

ಎರಡು ದಿನ ಬಿಟ್ಟು ತೆಗೆದೆ. ಗೋಡೆ ಕಡೆ ಹನಿ ಹನಿ. ಸಜ್ಜಾ ಗೋಡೆಗೆ ಸೇರುವಲ್ಲಿ ಬಿರುಕು ಬಿಟ್ಟಿರಬೇಕು, ಅದು ನಾನು ಆವತ್ತೇ ನೋಡಬೇಕಿತ್ತು ಅಂದರು ಫೋನಿನಲ್ಲಿ. 8,000 ಕಳಿಸಿ, 2,000 ಇಟ್ಕೊಳ್ಳಿ, ಬಂದು ಮಾಡಿಕೊಡ್ತೇನೆ ಅಂದರು. ಆ ಸಂಜೆಯೇ ಕಳಿಸಿದೆ. ಕೊಯ್ಲು ಮುಗಿದ ಮೇಲೆ ಬರುತ್ತಾರೆ. ಅಲ್ಲಿಯವರೆಗೆ ಆ ಮೂಲೆಯನ್ನು ವಾರಕ್ಕೊಮ್ಮೆ ಸೋಪಿನ ನೀರಿನ ಬಟ್ಟೆಯಲ್ಲಿ ಒರೆಸುತ್ತಿದ್ದೇನೆ, ಮಾಸ್ಕ್ ಹಾಕಿಕೊಂಡು.